ಎದುರು ಕೂತವರ ಮುಖ ಅವರಿಗೂ ಕಾಣುತ್ತದೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ಮನೋಸಲಹೆ ಅಂಕಣದಲ್ಲಿ ಇತ್ತೀಚೆಗೆ ಒಬ್ಬ ಯುವಕನ ಪ್ರಶ್ನೆ ಬಂದಿತ್ತು. ಅವನಿಗೆ ಹುಡುಗಿಯರಲ್ಲಿ ಆಸಕ್ತಿ ಇಲ್ಲ. ಜೊತೆಗೆ ಕೆಲಸ ಮಾಡುವ ಗೆಳೆಯನ ಮೇಲೆ ಪ್ರೀತಿ ಇದೆ. ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದ. ನಿಮ್ಮ ಅಂಕಣಕಾರರು ಬೈದಿರಲಿಲ್ಲ. "ಇದು ಕಾಯಿಲೆ ಅಲ್ಲ" ಎಂದೇ ಉತ್ತರ ಶುರು ಮಾಡಿದ್ದರು. ಅಷ್ಟಕ್ಕೆ ಅವರಿಗೆ ಧನ್ಯವಾದ ಹೇಳುತ್ತೇನೆ. ಆದರೆ ಮುಂದಿನ ಸಾಲುಗಳಲ್ಲಿ ಯೋಗ, ಧ್ಯಾನ, ಒಳ್ಳೆಯ ಸಹವಾಸ, ಹೆತ್ತವರ ಮನಸ್ಸು ಎಲ್ಲ ಬಂದವು. "ಮದುವೆಯಾದ ಮೇಲೆ ಎಷ್ಟೋ ಜನರಲ್ಲಿ ಇದು ತಾನಾಗಿಯೇ ಕಡಿಮೆಯಾಗುತ್ತದೆ, ಆತಂಕ ಬೇಡ" ಎನ್ನುವಲ್ಲಿಗೆ ಉತ್ತರ ಮುಗಿಯಿತು.

ನಾನು ಧಾರವಾಡದವಳು. ಡಿಗ್ರಿ ಕಾಲೇಜಿನಲ್ಲಿ ಮನೋವಿಜ್ಞಾನ ಕಲಿಸಿ ನಿವೃತ್ತಳಾಗಿದ್ದೇನೆ. ಈಗ ಸಂಜೆ ಹೊತ್ತು ಒಂದು ಉಚಿತ ಆಪ್ತ ಸಮಾಲೋಚನೆ ಕೇಂದ್ರದಲ್ಲಿ ಕೂರುತ್ತೇನೆ. ಹುಬ್ಬಳ್ಳಿ, ಗದಗ, ಹಾವೇರಿ, ಬೈಲಹೊಂಗಲ ಕಡೆಯಿಂದ ಜನ ಬರುತ್ತಾರೆ. ಇಂಥ ಉತ್ತರ ಪಡೆದುಕೊಂಡು ಹೋದ ಹುಡುಗರು ಕೆಲವು ತಿಂಗಳ ಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ದಯವಿಟ್ಟು ಪೂರ್ತಿ ಹಾಕಿ.

ಒಬ್ಬನ ಮಾತು ಹೇಳುತ್ತೇನೆ. ಅವನ ಒಪ್ಪಿಗೆ ಕೇಳಿದ್ದೇನೆ, ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ. ಡಿಪ್ಲೊಮಾ ಓದಿದವನು, ಶೋರೂಮಿನಲ್ಲಿ ಕೆಲಸ. ನಮ್ಮಲ್ಲಿಗೆ ಬರುವ ಮೊದಲು ಬೇರೆ ಊರಿನಲ್ಲಿ ಒಬ್ಬ ಸಮಾಲೋಚಕರನ್ನು ನೋಡಿದ್ದ. ಅವರು ಏನಂದರು ಅಂತ ಕೇಳಿದೆ. "ಅವ್ರೇನೂ ಬೈಲಿಲ್ರಿ ಮೇಡಂ. ಮೊದ್ಲ ಎಲ್ಲಾ ಬರ್ಕೋತ ಕುಂತಿದ್ರು. ನಾ ಈ ವಿಷ್ಯ ಹೇಳಿದ ಮ್ಯಾಲ ಪೆನ್ನಿಗೆ ಕ್ಯಾಪ್ ಹಾಕಿದ್ರು" ಎಂದ. ಅಷ್ಟೇ. ಆ ಸಮಾಲೋಚಕರಿಗೆ ತಾವು ಹಾಗೆ ಮಾಡಿದ್ದು ಗೊತ್ತೇ ಇರಲಿಕ್ಕಿಲ್ಲ. ಇವನಿಗೆ ಮಾತ್ರ ಇಂದಿಗೂ ನೆನಪಿದೆ.

ಮುಂದಿನ ಭೇಟಿಗಳಲ್ಲಿ ಅವನು ಹುಡುಗಿಯರು ಇಷ್ಟವಾಗತೊಡಗಿದ್ದಾರೆ ಎಂದು ಹೇಳಿದನಂತೆ. ಯಾಕೆ ಹಾಗೆ ಹೇಳಿದೆ ಅಂತ ನಾನು ಕೇಳಲಿಲ್ಲ, ಅವನೇ ಹೇಳಿದ. "ಸರ್‌ಗೆ ಭಾಳ ಖುಷಿ ಆತ್ರಿ. ಅಷ್ಟು ಒಳ್ಳೇವ್ರು. ಅವ್ರಿಗೆ ಬ್ಯಾಸರ ಮಾಡಬಾರ್ದು ಅನಿಸ್ತು." ಆ ಸರ್ ತಂದೆಗೆ ಫೋನ್ ಮಾಡಿ ಶುಭ ಸುದ್ದಿ ತಿಳಿಸಿದರು. ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಹುಡುಗ ನಮ್ಮ ಕೇಂದ್ರಕ್ಕೆ ಬಂದಾಗ ಛತ್ರಕ್ಕೆ ಮುಂಗಡ ಕೊಟ್ಟಾಗಿತ್ತು.

ಇಲ್ಲಿ ಯಾರೂ ಕೆಟ್ಟವರಲ್ಲ. ಸಮಾಲೋಚಕರು ಒಳ್ಳೆಯ ಮನಸ್ಸಿನವರು. ತಂದೆ ಮಗನ ಒಳ್ಳೆಯದನ್ನೇ ಬಯಸಿದವರು. ಹುಡುಗ ವಿಧೇಯ. ಅವನ ಆ ವಿಧೇಯತೆಯನ್ನೇ ಎಲ್ಲರೂ ಗುಣವಾಯಿತು ಎಂದು ತಿಳಿದರು. ಯಾರೋ ಗೊತ್ತಿಲ್ಲದ ಒಬ್ಬ ಹುಡುಗಿಯ ಬದುಕೂ ಇದರಲ್ಲಿ ಸಿಕ್ಕಿಹಾಕಿಕೊಳ್ಳುವುದರಲ್ಲಿತ್ತು, ಅವಳನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ.

ಈ ವಿಧೇಯತೆಯ ಬಗ್ಗೆ ನ್ಯೂಯಾರ್ಕಿನ ಮನೋವಿಶ್ಲೇಷಕ (ಮಾತಿನ ಮೂಲಕ ಮನಸ್ಸಿನ ಆಳವನ್ನು ಬಿಡಿಸಿ ನೋಡುವ ಚಿಕಿತ್ಸೆ ಕೊಡುವವರು) ಸ್ಟೀಫನ್ ಮಿಚೆಲ್ 1978 ಮತ್ತು 1981ರಲ್ಲೇ ಎರಡು ಲೇಖನ ಬರೆದಿದ್ದರು. ಆಗಿನ್ನೂ ಮೂವತ್ತರ ಆಚೀಚೆ ವಯಸ್ಸು. ಮುಂದೆ ರಿಲೇಷನಲ್ ಸೈಕೋಅನಾಲಿಸಿಸ್ ಎಂಬ ಪಂಥ ಕಟ್ಟಿದವರಲ್ಲಿ ಅವರೇ ಮುಖ್ಯರು. ಕನ್ನಡದಲ್ಲಿ ಸಂಬಂಧಾತ್ಮಕ ಮನೋವಿಶ್ಲೇಷಣೆ ಎನ್ನೋಣ. ಈ ಪಂಥದ ಬಗ್ಗೆ ಕನ್ನಡದಲ್ಲಿ ಓದಲು ಸಿಗುವುದು ತೀರಾ ಕಡಿಮೆ. ಹಾಗಾಗಿ ಹಿನ್ನೆಲೆ ಸ್ವಲ್ಪ ಹೇಳಲೇಬೇಕು.

1935ರಲ್ಲಿ ಅಮೆರಿಕದ ಒಬ್ಬ ತಾಯಿ ಸಲಿಂಗಿಯಾದ ತನ್ನ ಮಗನ ವಿಷಯವಾಗಿ, ಮನೋವಿಶ್ಲೇಷಣೆಯನ್ನು ಶುರು ಮಾಡಿದ ವಿಯೆನ್ನಾದ ಫ್ರಾಯ್ಡ್‌ಗೆ ಕಾಗದ ಬರೆದಳು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಇದನ್ನು ಕಾಯಿಲೆ ಎನ್ನಲಾಗದು ಎಂದು ಫ್ರಾಯ್ಡ್ ಉತ್ತರ ಕೊಟ್ಟರು. ಆದರೆ ಅವರ ನಂತರ ಬಂದ ಅಮೆರಿಕದ ಮನೋವಿಶ್ಲೇಷಕರು ಇದಕ್ಕೆ ತೀರಾ ವಿರುದ್ಧ ದಾರಿ ಹಿಡಿದರು. 1962ರಲ್ಲಿ ಅರ್ವಿಂಗ್ ಬೀಬರ್ ಮತ್ತು ಸಂಗಡಿಗರು 106 ಸಲಿಂಗಿ ಗಂಡಸರ ಬಗ್ಗೆ ಪುಸ್ತಕ ತಂದರು. ತಾಯಿ ಮಗನನ್ನು ಅತಿಯಾಗಿ ಹಚ್ಚಿಕೊಂಡವಳು, ತಂದೆ ದೂರ ನಿಂತವನು ಅಥವಾ ಒರಟ, ಅದರಿಂದ ಹೀಗಾಯಿತು ಎಂಬುದು ಅವರ ವಾದ. ಅವರಲ್ಲಿ ಶೇ 27ರಷ್ಟು ಜನ ಚಿಕಿತ್ಸೆಯಿಂದ ಬದಲಾದರು ಎಂದೂ ಹೇಳಿಕೊಂಡರು. ಚಾರ್ಲ್ಸ್ ಸೊಕಾರಿಡಿಸ್ ಎಂಬ ಇನ್ನೊಬ್ಬರು ಬದುಕಿನುದ್ದಕ್ಕೂ ಇದು ರೋಗ ಎಂದೇ ವಾದಿಸಿದರು. ಅವರ ಮಗ ರಿಚರ್ಡ್ ಮುಂದೆ ತಾನು ಗೇ ಎಂದು ಬಹಿರಂಗವಾಗಿ ಹೇಳಿಕೊಂಡು, ಅಧ್ಯಕ್ಷ ಕ್ಲಿಂಟನ್ ಅವರಿಗೆ ಸಲಹೆಗಾರರಾದರು.

ಇದೆಲ್ಲ ದೂರದ ದೇಶದ ಹಳೆಯ ಕಥೆ ಅಂದುಕೊಳ್ಳಬೇಡಿ. ನಮ್ಮ ಕೇಂದ್ರಕ್ಕೆ ಬರುವ ತಾಯಂದಿರು ಕೇಳುವ ಮೊದಲ ಪ್ರಶ್ನೆ ಇದೇ: "ನಾನ ಜಾಸ್ತಿ ಮುದ್ದು ಮಾಡಿದ್ನೇನ್ರಿ ಮೇಡಂ? ಸೆರಗು ಬಿಟ್ಟು ಹೋಗ್ತಿರಲಿಲ್ಲ ಅಂವ." ಈ ಹೆಂಗಸರು ಬೀಬರ್ ಹೆಸರು ಕೇಳಿದವರಲ್ಲ. ಆದರೂ ಆ ವಾದ ಪಠ್ಯಪುಸ್ತಕ, ವಾರಪತ್ರಿಕೆ, ಡಾಕ್ಟರ ಬಾಯಿಮಾತು ಎಲ್ಲದರ ಮೂಲಕ ಇಳಿದು ಕುಂದಗೋಳದ ಅಡುಗೆ ಮನೆ ತಲುಪಿಬಿಟ್ಟಿದೆ.

ಮಿಚೆಲ್ ಕೇಳಿದ್ದು ಎರಡು ಸರಳ ಪ್ರಶ್ನೆ. ಪ್ರತಿಯೊಬ್ಬರ ಪ್ರೀತಿಗೂ ಒಂದು ಹಿನ್ನೆಲೆ ಇರುತ್ತದೆ. ಹೆಣ್ಣನ್ನು ಪ್ರೀತಿಸುವ ಗಂಡಿಗೂ ಬಾಲ್ಯ ಇತ್ತು, ತಾಯಿ ತಂದೆ ಇದ್ದರು. ಹಿನ್ನೆಲೆ ಇದೆ ಎಂದ ಮಾತ್ರಕ್ಕೆ ಒಂದು ಪ್ರೀತಿ ರೋಗ, ಇನ್ನೊಂದು ಆರೋಗ್ಯ ಹೇಗಾಗುತ್ತದೆ? ಇದು ಮೊದಲನೆಯದು. ಎರಡನೆಯದು ನನಗೆ ಇನ್ನೂ ಮುಖ್ಯ. ಮನೋವಿಶ್ಲೇಷಕರು ಯಾವ ಕೆಲಸಕ್ಕೆ ಸೇರು, ಯಾವ ಊರಲ್ಲಿರು ಅಂತ ಯಾರಿಗೂ ಹೇಳುವುದಿಲ್ಲ. ದಾರಿ ತೋರಿಸುವುದು ನಮ್ಮ ಕೆಲಸವಲ್ಲ ಎಂದು ಹೆಮ್ಮೆಪಡುತ್ತಾರೆ. ಆದರೆ ಎದುರು ಕೂತವನು ಸಲಿಂಗಿ ಎಂದಾಕ್ಷಣ, ಆ ಗೆಳೆಯರನ್ನು ಬಿಡು, ಹುಡುಗಿಯರ ಜೊತೆ ಓಡಾಡು ಎಂದು ಅಪ್ಪಣೆ ಕೊಡುತ್ತಾರೆ. ಯಾಕೆ? ಅಪ್ಪಣೆ ಕೊಟ್ಟರೆ ಕೆಲವರು ಪಾಲಿಸುತ್ತಾರೆ. ಚಿಕ್ಕಂದಿನಿಂದ ದೊಡ್ಡವರ ಮುಖ ನೋಡಿ ನಡೆದುಕೊಂಡೇ ಬಂದವರು ಇನ್ನೂ ಬೇಗ ಪಾಲಿಸುತ್ತಾರೆ. ತಂದೆಯಂಥ ಒಬ್ಬರನ್ನು ಮೆಚ್ಚಿಸಲು ತಮ್ಮ ಮನಸ್ಸನ್ನು ಒಪ್ಪಿಸಿಬಿಡುತ್ತಾರೆ. ವಿಶ್ಲೇಷಣೆ ಬಿಡಿಸಬೇಕಾಗಿದ್ದ ಗಂಟನ್ನೇ ವಿಶ್ಲೇಷಕ ಇನ್ನಷ್ಟು ಬಿಗಿ ಮಾಡಿದಂತಾಯಿತು, ಅಲ್ವಾ?

ಶೋರೂಮಿನ ಹುಡುಗನ ಕಥೆಯೂ ಇದೇ. ಅಪ್ಪಣೆ ಇಲ್ಲದಿದ್ದರೂ ಪೆನ್ನಿನ ಕ್ಯಾಪ್ ಸಾಕಾಯಿತು.

1983ರಲ್ಲಿ ಮಿಚೆಲ್ ಮತ್ತು ಜೇ ಗ್ರೀನ್‌ಬರ್ಗ್ ಸೇರಿ ಬರೆದ ಪುಸ್ತಕದಿಂದ ಈ ಪಂಥದ ವಿಚಾರಕ್ಕೆ ಒಂದು ರೂಪ ಬಂತು. 1988ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಪ್ರತ್ಯೇಕ ತರಬೇತಿ ವಿಭಾಗವಾಯಿತು. 1991ರಲ್ಲಿ ಸೈಕೋಅನಲಿಟಿಕ್ ಡಯಲಾಗ್ಸ್ ಎಂಬ ಪತ್ರಿಕೆ ಹುಟ್ಟಿತು. ತಿರುಳು ಇಷ್ಟೇ: ಮನಸ್ಸು ಒಬ್ಬರ ತಲೆಯೊಳಗೆ ಒಂಟಿಯಾಗಿ ಬೆಳೆಯುವುದಿಲ್ಲ. ಜನರ ನಡುವೆ ಬೆಳೆಯುತ್ತದೆ. ಚಿಕಿತ್ಸೆಯ ಕೋಣೆಯಲ್ಲೂ ಇರುವುದು ಇಬ್ಬರು ಮನುಷ್ಯರು. ವೈದ್ಯ ಕನ್ನಡಿಯ ಹಾಗೆ ಇರಬೇಕು, ತನ್ನದೇನನ್ನೂ ತೋರಿಸಬಾರದು ಎಂದು ಫ್ರಾಯ್ಡ್ 1912ರಲ್ಲಿ ಬರೆದಿದ್ದರು. ಈ ಪಂಥದವರು ಅದು ಆಗದ ಮಾತು ಎಂದರು. ನಿಮ್ಮ ಮುಜುಗರ, ನಿಮ್ಮ ಮೆಚ್ಚುಗೆ, ನಿಮ್ಮ ಮೌನ ಎಲ್ಲವೂ ಎದುರಿನವರಿಗೆ ಕಾಣುತ್ತದೆ. ಕಾಣುವುದಿಲ್ಲ ಅಂದುಕೊಂಡಾಗಲೇ ಹೆಚ್ಚು ಪೆಟ್ಟು ಬೀಳುವುದು.

ಬುಡಾಪೆಸ್ಟಿನ ಮನೋವಿಶ್ಲೇಷಕ ಶಾಂದೋರ್ ಫೆರೆಂಝಿ ಇದನ್ನು 1932ರಲ್ಲೇ ಒಂದು ಲೇಖನದಲ್ಲಿ ಹೇಳಿದ್ದರು. ವೈದ್ಯ ಒಳಗೆ ಬೇಸರ ಇಟ್ಟುಕೊಂಡು ಮೇಲೆ ಸೌಜನ್ಯ ತೋರಿಸಿದರೆ ರೋಗಿಗೆ ಅದು ಗೊತ್ತಾಗುತ್ತದೆ, ಹೇಳುವ ಧೈರ್ಯ ಮಾತ್ರ ಇರುವುದಿಲ್ಲ ಎಂದರು. ಚಿಕ್ಕಂದಿನಲ್ಲಿ ದೊಡ್ಡವರ ಸುಳ್ಳನ್ನು ಸಹಿಸಿದ ಹಾಗೆಯೇ ಇದನ್ನೂ ಸಹಿಸುತ್ತಾರೆ. ಈ ಲೇಖನ ಪ್ರಕಟಿಸಬೇಡಿ ಎಂದು ಫ್ರಾಯ್ಡ್ ಅವರೇ ಕೇಳಿಕೊಂಡಿದ್ದರು. ಇದೇ ಫೆರೆಂಝಿ 1902ರಲ್ಲಿ, ಇನ್ನೂ ಯುವ ವೈದ್ಯರಾಗಿದ್ದಾಗ, ಗಂಡಸಿನ ಬಟ್ಟೆ ತೊಟ್ಟು ಬದುಕಿದ್ದಕ್ಕೆ ಪೊಲೀಸರ ಕಾಟ, ಆಸ್ಪತ್ರೆ ಅಂತ ಅಲೆದ ಒಬ್ಬರ ಬಗ್ಗೆ ತುಂಬ ಮರುಕದಿಂದ ಬರೆದಿದ್ದರು. ಅವರ ಈ ಬರಹ ನನಗೆ ಬಹಳ ಇಷ್ಟ. ಶಾಸ್ತ್ರದ ಭಾಷೆ ಅಲ್ಲಿ ಹಿಂದೆ ಸರಿದು ಮನುಷ್ಯರು ಮುಂದೆ ಬರುತ್ತಾರೆ.

ಲಿಂಗತ್ವದ ವಿಷಯಕ್ಕೆ ಈ ಪಂಥ ಕೊಟ್ಟಿದ್ದರಲ್ಲಿ ಹೆಂಗಸರ ಪಾಲು ದೊಡ್ಡದು. ಸೈಕೋಅನಲಿಟಿಕ್ ಡಯಲಾಗ್ಸ್‌ನ ಮೊದಲ ವರ್ಷದಲ್ಲೇ ಮ್ಯೂರಿಯಲ್ ಡೈಮನ್, ವರ್ಜೀನಿಯಾ ಗೋಲ್ಡ್ನರ್, ಏಡ್ರಿಯನ್ ಹ್ಯಾರಿಸ್, ಜೆಸಿಕಾ ಬೆಂಜಮಿನ್ ಬರೆದರು. ಹೆಣ್ಣುತನ, ಗಂಡುತನ ಹುಟ್ಟಿನಿಂದಲೇ ಪೂರ್ತಿ ಸಿದ್ಧವಾಗಿ ಬರುವುದಲ್ಲ, ಸುತ್ತಲಿನವರ ಕಣ್ಣು, ಮಾತು, ಭಯ, ಆಸೆಗಳ ನಡುವೆ ರೂಪುಗೊಳ್ಳುತ್ತದೆ ಎಂದು ತೋರಿಸಿದರು. ಕೆನ್ ಕಾರ್ಬೆಟ್ ಹೆಣ್ಣಿಗನಂತೆ ಕಾಣುವ ಹುಡುಗರ ಬಗ್ಗೆ ಬರೆದರು. ಆ ಹುಡುಗರನ್ನು ತಿದ್ದುವ ಬದಲು ಅವರ ಆಟವನ್ನು ಗಮನವಿಟ್ಟು ನೋಡಿ, ದೊಡ್ಡವರ ಆತಂಕವನ್ನೂ ನೋಡಿ ಎಂಬುದು ಅವರ ದಾರಿ. ನಮ್ಮ ಶಾಲೆಗಳಲ್ಲಿ ಅಂಥ ಹುಡುಗರಿಗೆ ಏನೇನು ಅಡ್ಡಹೆಸರು ಇಡುತ್ತಾರೆ ಎಂಬುದು ನಿಮ್ಮ ಓದುಗರಿಗೆ ನಾನು ಹೇಳಬೇಕಾಗಿಲ್ಲ.

ಇನ್ನೊಂದು ಸಂಗತಿ ಇದೆ. 1973ರ ಡಿಸೆಂಬರಿನಲ್ಲಿ ಅಮೆರಿಕದ ಮನೋವೈದ್ಯರ ಸಂಘ ಸಲಿಂಗ ಪ್ರೇಮವನ್ನು ರೋಗಗಳ ಪಟ್ಟಿಯಿಂದ ತೆಗೆದುಹಾಕಿತು. ಅದರ ಹಿಂದಿನ ವರ್ಷ ಜಾನ್ ಫ್ರೈಯರ್ ಎಂಬ ಮನೋವೈದ್ಯರು ಮುಖವಾಡ ಹಾಕಿಕೊಂಡು, ದನಿ ಬದಲಿಸುವ ಮೈಕಿನಲ್ಲಿ, ನಾನು ಸಲಿಂಗಿ, ನಾನು ಮನೋವೈದ್ಯ ಎಂದು ಅದೇ ಸಂಘದ ಸಭೆಯಲ್ಲಿ ಮಾತಾಡಿದ್ದರು. ಆದರೆ ಮನೋವಿಶ್ಲೇಷಕರ ಸಂಘ ಬೇರೆ. ಅಲ್ಲಿ ಬಾಗಿಲು ಮುಚ್ಚಿಯೇ ಇತ್ತು. ಸಲಿಂಗಿಗಳು ತರಬೇತಿಗೆ ಸೇರುವಂತಿರಲಿಲ್ಲ. ಸೇರಿದವರು ಬಚ್ಚಿಟ್ಟುಕೊಳ್ಳಬೇಕಿತ್ತು. ರಿಚರ್ಡ್ ಐಸೇ ಎಂಬ ವಿಶ್ಲೇಷಕರು ಬಚ್ಚಿಡುವುದನ್ನು ಬಿಟ್ಟು ಹೋರಾಡಿದರು, ಮೊಕದ್ದಮೆ ಹೂಡುವ ಎಚ್ಚರಿಕೆಯನ್ನೂ ಸಂಘಕ್ಕೆ ಕೊಟ್ಟರು. 1991ರಲ್ಲಿ ಸಂಘ ತಾರತಮ್ಯ ಮಾಡುವುದಿಲ್ಲ ಎಂದು ಘೋಷಿಸಿತು. ತರಬೇತಿ ಕೊಡುವ ಹಿರಿಯರ ಸ್ಥಾನಕ್ಕೂ ಅದು ಅನ್ವಯ ಎಂದು ಸೇರಿಸಿದ್ದು 1992ರಲ್ಲಿ. 2019ರ ಜೂನ್‌ನಲ್ಲಿ ಸ್ಯಾನ್ ಡಿಯಾಗೋ ಸಮಾವೇಶದಲ್ಲಿ ಅಧ್ಯಕ್ಷ ಲೀ ಜಾಫಿ ಸಂಘದ ಪರವಾಗಿ ಕ್ಷಮೆ ಕೇಳಿದರು. ಪಟ್ಟಿಯಿಂದ ತೆಗೆದು 46 ವರ್ಷದ ಮೇಲೆ.

ಇಷ್ಟು ವರ್ಷ ಒಂದು ಸಮುದಾಯದ ಜನರ ಬಗ್ಗೆ ಸಿದ್ಧಾಂತ ಬರೆದ ಮೇಜಿನ ಸುತ್ತ ಆ ಜನ ಬಾಯಿ ಬಿಡುವಂತಿರಲಿಲ್ಲ. ನನಗೆ ಇದು ತುಂಬಾ ಸಂಕಟ ಕೊಡುವ ವಿಷಯ. ಸಂಬಂಧಾತ್ಮಕ ಪಂಥದ ಬೇರುಗಳಲ್ಲಿ ಒಬ್ಬರಾದ ಅಮೆರಿಕದ ಮನೋವೈದ್ಯ ಹ್ಯಾರಿ ಸ್ಟಾಕ್ ಸಲಿವನ್ ಕೂಡ ಒಬ್ಬ ಗಂಡಸಿನ ಜೊತೆ ಬಾಳಿದವರು. ಸಂಬಂಧವೇ ಮನಸ್ಸನ್ನು ಮಾಡುತ್ತದೆ ಎಂದು ಕಲಿಸಿದ ಅವರಿಗೂ ತಮ್ಮ ಮುಖ್ಯ ಸಂಬಂಧದ ಬಗ್ಗೆ ಬಹಿರಂಗವಾಗಿ ಮಾತಾಡಲು ಆಗಲಿಲ್ಲ.

ಈಗ ನಮ್ಮ ಕಡೆಗೆ ಬರುತ್ತೇನೆ. ಒಮ್ಮೆ ತಾಯಿ ಮಗಳು ಬಂದರು. ಹುಟ್ಟಿನ ದಾಖಲೆಯಲ್ಲಿ ಗಂಡು ಎಂದಿದೆ, ಅವಳು ತನ್ನನ್ನು ಹೆಣ್ಣೆಂದೇ ಬಲ್ಲವಳು. ಹೊಲಿಗೆ ಕೆಲಸ ಮಾಡುತ್ತಾಳೆ. ತಾಯಿ ಮಾತು ಮಾತಿಗೂ "ನನ್ನ ಮಗ" ಅನ್ನುತ್ತಿದ್ದರು. ಅಂದಾಗಲೆಲ್ಲ ಅವಳು ತಾಯಿಯ ಕಡೆ ನೋಡುತ್ತಿರಲಿಲ್ಲ, ನನ್ನ ಕಡೆ ನೋಡುತ್ತಿದ್ದಳು. ನನ್ನೊಳಗೆ ಆ ತಾಯಿಯ ಮೇಲೆ ಸಿಟ್ಟು ಏರುತ್ತಿತ್ತು. ಈ ಸಿಟ್ಟು ಎಲ್ಲಿಂದ ಬರುತ್ತಿದೆ ಅಂತ ನೋಡಿಕೊಂಡೆ. ಅದರಲ್ಲಿ ಮಗಳ ಸಿಟ್ಟೂ ಇತ್ತು. ಅವಳು ಅದನ್ನು ಮನೆಯಲ್ಲಿ ತೋರಿಸುವಂತಿರಲಿಲ್ಲ. "ಅಕ್ಕಾರ, ನಿಮ್ಮ ಮಾತು ಕೇಳುವಾಗ ನನಗ ಒಳಗ ಸಂಕಟ ಆಗಾಕತ್ತೇತಿ. ನಿಮ್ಮಿಬ್ಬರಿಗೂ ಆಗ್ತಿರಬೇಕು" ಎಂದೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: "ಸವದತ್ತಿ ಗುಡ್ಡದಾಗ ಜೋಗಪ್ಪನ ಕಾಲಿಗೆ ಬೀಳ್ತೀವ್ರಿ. ಹಡದ ಮಗಳು ಹಂಗಾದ್ರ ಮಾತ್ರ ಮಂದಿ ಏನಂತಾರ ಅಂತೀವಿ."

ಮಗಳು ಎಂದರು. ಅವರು ಅದನ್ನು ಗಮನಿಸಲಿಲ್ಲ, ಅವಳು ಗಮನಿಸಿದಳು.

ಈ ತಾಯಿ ಹೇಳಿದ್ದು ನಿಜ. ಯಲ್ಲಮ್ಮನ ಗುಡ್ಡ ಧಾರವಾಡದಿಂದ ಬಹಳ ದೂರವಿಲ್ಲ. ಗಂಡಾಗಿ ಹುಟ್ಟಿ ಯಲ್ಲಮ್ಮನಿಗೆ ಮುಡಿಪಾಗಿ ಹೆಣ್ಣಿನ ಉಡುಗೆಯಲ್ಲಿ ಬದುಕುವವರು ಜೋಗಪ್ಪಗಳು. ಹುಣ್ಣಿಮೆಯ ಜಾತ್ರೆಯಲ್ಲಿ ಚೌಡಿಕೆ ಬಾರಿಸುವ ಇವರಿಂದ ಭಂಡಾರ ಹಚ್ಚಿಸಿಕೊಳ್ಳದವರು ಕಡಿಮೆ. ಮಂಜಮ್ಮ ಜೋಗತಿ ಅವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಬಂತು. ಅದೇ ವರ್ಷ ನಮ್ಮ ರಾಜ್ಯ ಸರ್ಕಾರಿ ಕೆಲಸಗಳಲ್ಲಿ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಶೇ 1ರಷ್ಟು ಮೀಸಲಾತಿ ಕೊಟ್ಟಿತು. ದೇಶದಲ್ಲೇ ಮೊದಲು. ಇದೆಲ್ಲ ನನಗೆ ಸಂತೋಷದ ವಿಷಯ. ಆದರೆ ಗುಡ್ಡದ ಮೇಲೆ ಸಿಗುವ ಗೌರವ ಆಸ್ಪತ್ರೆಯ ಚೀಟಿ ಮಾಡಿಸುವ ಸಾಲಿನಲ್ಲಿ ಸಿಗುವುದಿಲ್ಲ. ಅಲ್ಲಿ ಹೆಸರು ಕೂಗಿದಾಗ ಎಲ್ಲರೂ ತಿರುಗಿ ನೋಡುತ್ತಾರೆ.

ನಮ್ಮ ದೇಶದ ಮನೋವಿಶ್ಲೇಷಣೆಗೂ ತನ್ನದೇ ಚರಿತ್ರೆ ಇದೆ. ಗಿರೀಂದ್ರಶೇಖರ ಬೋಸ್ 1922ರಲ್ಲಿ ಕಲ್ಕತ್ತಾದಲ್ಲಿ ಭಾರತದ ಮನೋವಿಶ್ಲೇಷಣಾ ಸಂಘ ಕಟ್ಟಿದರು. 1929ರಲ್ಲಿ ಅವರು ಫ್ರಾಯ್ಡ್‌ಗೆ ಬರೆದ ಪತ್ರದಲ್ಲಿ ಒಂದು ಭಿನ್ನಮತ ಇದೆ. ಹೆಣ್ಣಾಗುವ ಆಸೆ ತಮ್ಮ ಭಾರತೀಯ ಗಂಡಸು ರೋಗಿಗಳಲ್ಲಿ ಯುರೋಪಿನವರಿಗಿಂತ ಸುಲಭವಾಗಿ ಮೇಲೆ ಬರುತ್ತದೆ ಎಂದು ಅವರು ವಾದಿಸಿದರು. ಅವರ ಸಿದ್ಧಾಂತ ಪೂರ್ತಿ ಒಪ್ಪಬೇಕಿಲ್ಲ. ವಿಯೆನ್ನಾದಿಂದ ಬಂದ ಅಳತೆಗೋಲನ್ನು ಹಾಗೇ ಹಿಡಿಯದೆ ತಮ್ಮ ಮುಂದೆ ಕೂತವರನ್ನು ನೋಡಿದರಲ್ಲ, ಅದು ದೊಡ್ಡದು.

ಕಾನೂನು ಈಗ ಸ್ಪಷ್ಟವಾಗಿದೆ. ಟ್ರಾನ್ಸ್‌ಜೆಂಡರ್ ಜನರ ಗುರುತನ್ನು ಮಾನ್ಯ ಮಾಡಿದ 2014ರ ನಾಲ್ಸಾ ತೀರ್ಪು, ಸಲಿಂಗ ಸಂಬಂಧ ಅಪರಾಧವಲ್ಲ ಎಂದ 2018ರ ಸೆಪ್ಟೆಂಬರ್ 6ರ ಸೆಕ್ಷನ್ 377ರ ತೀರ್ಪು ಎಲ್ಲರಿಗೂ ಗೊತ್ತು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಲೈಂಗಿಕ ಒಲವಿನ ಕಾರಣಕ್ಕೆ ಚಿಕಿತ್ಸೆಯಲ್ಲಿ ತಾರತಮ್ಯ ಮಾಡುವಂತಿಲ್ಲ. ಒಲವು ಬದಲಿಸುತ್ತೇವೆ ಎನ್ನುವ ಕನ್ವರ್ಷನ್ ಥೆರಪಿ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿತು. ಆದರೆ ಇದೇ ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಹೊರಡಿಸಿದ ಪಠ್ಯಕ್ರಮದಲ್ಲಿ ಲೆಸ್ಬಿಯನ್ ಸಂಬಂಧವನ್ನು ಅಸಹಜ ಲೈಂಗಿಕ ಅಪರಾಧಗಳ ಸಾಲಿಗೆ ಮತ್ತೆ ಸೇರಿಸಿತ್ತು. ಪ್ರತಿಭಟನೆ ಬಂದ ಮೇಲೆ ಕೆಲವೇ ದಿನಗಳಲ್ಲಿ ವಾಪಸ್ ತೆಗೆದುಕೊಂಡಿತು. ಅಲ್ಲದೆ ಆಯೋಗದ ಮಾತು ಡಾಕ್ಟರುಗಳಿಗೆ ಮಾತ್ರ. ಶಾಲೆ ಕಾಲೇಜಿನ ಆಪ್ತ ಸಮಾಲೋಚಕರು, ಮಠದಲ್ಲಿ ಬುದ್ಧಿ ಹೇಳುವವರು, ಪತ್ರಿಕೆಯಲ್ಲಿ ಸಲಹೆ ಬರೆಯುವವರು ಅದರೊಳಗೆ ಬರುವುದಿಲ್ಲ.

ಕಾನೂನಿಗಿಂತ ನನಗೆ ಹೆಚ್ಚು ಧೈರ್ಯ ಕೊಟ್ಟಿದ್ದು ಒಬ್ಬ ನ್ಯಾಯಮೂರ್ತಿಯ ನಡೆ. 2021ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಇಬ್ಬರು ಯುವತಿಯರು ರಕ್ಷಣೆ ಕೋರಿ ಬಂದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಅವಸರದಿಂದ ಆದೇಶ ಬರೆಯಲಿಲ್ಲ. ಈ ವಿಷಯ ತನಗೆ ಪೂರ್ತಿ ಅರ್ಥವಾಗಿಲ್ಲ ಎಂದು ತೆರೆದ ನ್ಯಾಯಾಲಯದ ದಾಖಲೆಯಲ್ಲೇ ಬರೆದರು. ಮನೋವಿಜ್ಞಾನಿಯೊಬ್ಬರ ಮುಂದೆ ತಾವೇ ಹೋಗಿ ಕೂತು ಕಲಿತರು. ಆಮೇಲೆ ಜೂನ್‌ನಲ್ಲಿ ಆದೇಶ ಕೊಟ್ಟರು, ಕನ್ವರ್ಷನ್ ಥೆರಪಿಯನ್ನು ನಿಷೇಧಿಸಿದರು. ತೀರ್ಪು ಕೊಡುವ ಮೊದಲು ತನ್ನೊಳಗೆ ಏನಿದೆ ಅಂತ ನೋಡಿಕೊಂಡ ಆ ನಡೆಯನ್ನು ನಾನು ನನ್ನ ಜೊತೆಯ ಸಮಾಲೋಚಕರಿಗೆ ಯಾವಾಗಲೂ ಹೇಳುತ್ತೇನೆ. ಹೈಕೋರ್ಟಿನ ನ್ಯಾಯಮೂರ್ತಿ ಮಾಡಬಹುದಾದದ್ದನ್ನು ನಾವು ಮಾಡಬಾರದೇ?

ಹಾಗಂತ ನ್ಯೂಯಾರ್ಕಿನ ಪದ್ಧತಿಯನ್ನು ಹಾಗೇ ತಂದು ಇಲ್ಲಿ ಇಡಿ ಎಂದು ನಾನು ಹೇಳುತ್ತಿಲ್ಲ. ವಾರಕ್ಕೆ ಹಲವು ಸಲ, ವರ್ಷಗಟ್ಟಲೆ, ದುಡ್ಡು ಕೊಟ್ಟು ಹೋಗುವ ಚಿಕಿತ್ಸೆ ಅದು. ನಮ್ಮಲ್ಲಿಗೆ ರೋಣದಿಂದ ಬರುವವರು ಕೊನೆಯ ಬಸ್ಸಿಗೆ ಹೊರಡಬೇಕು. ಮತ್ತೆ ಬರುತ್ತಾರೋ ಇಲ್ಲವೋ ಗೊತ್ತಿರುವುದಿಲ್ಲ. ಇನ್ನೊಂದು ಎಚ್ಚರವೂ ಬೇಕು. ಸಮಾಲೋಚಕರು ತಮ್ಮ ಮನಸ್ಸನ್ನು ತೆರೆದು ಹೇಳಬಹುದು ಎಂದಾಕ್ಷಣ ನಮ್ಮ ಕಡೆ ಕೆಲವರು ತಮ್ಮ ಸ್ವಂತ ಕಥೆ ಶುರು ಮಾಡಿಬಿಡುತ್ತಾರೆ. ಬಂದವರು ಕೇಳುತ್ತಾ ಕೂರಬೇಕಾಗುತ್ತದೆ. ಅದು ಈ ಪಂಥ ಹೇಳಿದ್ದಲ್ಲ. ನಮಗೆ ಬೇಕಾದ್ದು ಒಂದೇ: ಈ ಮಾತು ಕೇಳುವಾಗ ನನಗೆ ಏನಾಗುತ್ತಿದೆ, ಅದು ಎದುರಿನವರಿಗೆ ಹೇಗೆ ಕಾಣುತ್ತಿದೆ ಎಂದು ಪ್ರತಿ ಸಲ ನೋಡಿಕೊಳ್ಳುವ ಅಭ್ಯಾಸ. ಇದಕ್ಕೆ ಸೋಫಾ ಬೇಡ, ದುಡ್ಡು ಬೇಡ. ಆದರೆ ಒಬ್ಬರೇ ಮಾಡಲಾಗುವುದಿಲ್ಲ, ಜೊತೆಗೆ ಕೂತು ಕೇಳುವವರು ಬೇಕು.

ನನ್ನನ್ನು ಕೆಲವರು ಕೇಳುತ್ತಾರೆ. ತಟಸ್ಥವಾಗಿದ್ದರೆ ಸಾಲದೇ, ನಾವು ಪರವೂ ಇಲ್ಲ, ವಿರೋಧವೂ ಇಲ್ಲ ಎನ್ನಬಹುದಲ್ಲ ಅಂತ. ಮನೆ, ಶಾಲೆ, ಓಣಿ, ಆಸ್ಪತ್ರೆ ಎಲ್ಲ ಕಡೆ ಒಂದೇ ಉತ್ತರ ಕೇಳಿಕೊಂಡು ಬಂದವರ ಮುಂದೆ ನಾವು ಸುಮ್ಮನೆ ಕೂತರೆ ಅವರಿಗೆ ಅದೇ ಉತ್ತರ ಮತ್ತೆ ಕೇಳಿಸುತ್ತದೆ. ಹಾಗಾಗಿ ನಮ್ಮ ಕೇಂದ್ರದಲ್ಲಿ ನಾವು ಮೊದಲೇ ಬಾಯಿಬಿಟ್ಟು ಹೇಳುತ್ತೇವೆ. ಇದು ರೋಗವಲ್ಲ, ಬದಲಿಸುವ ಪ್ರಯತ್ನ ಇಲ್ಲಿ ನಡೆಯುವುದಿಲ್ಲ, ನಿಮ್ಮನ್ನು ಯಾವ ಹೆಸರಿನಿಂದ ಕರೆಯಲಿ? ಕೊನೆಯ ಪ್ರಶ್ನೆಯನ್ನು ಎಲ್ಲರಿಗೂ ಕೇಳುತ್ತೇವೆ. ಜಗಳ ಬಿಡಿಸಿಕೊಳ್ಳಲು ಬಂದ ಗಂಡ ಹೆಂಡತಿಗೂ ಕೇಳುತ್ತೇವೆ.

ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ಉತ್ತರಕ್ಕೆ ಒಂದು ತಿದ್ದುಪಡಿ ಹಾಕಿ. ಮದುವೆಯಿಂದ ಇದು ಕಡಿಮೆಯಾಗುವುದಿಲ್ಲ ಎಂದು ಅಚ್ಚಾಗಬೇಕು. ಪ್ರಶ್ನೆ ಕೇಳಿದವನ ಜೊತೆಗೆ ಅವನ ತಂದೆ ತಾಯಿಯೂ ನಿಮ್ಮ ಪತ್ರಿಕೆ ಓದುತ್ತಿರಬಹುದು. ಅಂಕಣದ ಕೆಳಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪ್ರತಿ ವಾರ ಹಾಕಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮತ್ತು ಈ ವಿಷಯದ ಬಗ್ಗೆ ಬರೆಸುವಾಗ ಲೈಂಗಿಕ ಮತ್ತು ಲಿಂಗತ್ವ ಅಲ್ಪಸಂಖ್ಯಾತ ಸಮುದಾಯದಿಂದಲೇ ಬಂದ ಸಮಾಲೋಚಕರಿಂದ ಬರೆಸಿ. ಅಂಥವರು ಈಗ ಕರ್ನಾಟಕದಲ್ಲಿ ಇದ್ದಾರೆ. ವಿಶ್ವವಿದ್ಯಾಲಯಗಳ ಮನೋವಿಜ್ಞಾನ ವಿಭಾಗಗಳಿಗೂ ಇದೇ ಮಾತು. ಎಂ.ಎಸ್ಸಿ. ವಿದ್ಯಾರ್ಥಿಗಳಿಗೆ ಪ್ರಾಕ್ಟಿಕಲ್ ಇದೆ, ಟೆಸ್ಟ್ ಹಾಕುವುದನ್ನು ಕಲಿಸುತ್ತೇವೆ. ಕೇಳುವಾಗ ತಮ್ಮ ಮುಖ ಹೇಗಾಗುತ್ತದೆ ಎಂಬುದನ್ನು ಕಲಿಸುವ ತಾಸು ಟೈಮ್‌ಟೇಬಲ್ಲಿನಲ್ಲಿ ಎಲ್ಲಿದೆ?

ಶೋರೂಮಿನ ಹುಡುಗ ಏನಾದ ಎಂದು ಓದುಗರು ಕೇಳಬಹುದು. ಅವನು ಮೊದಲು ಅಕ್ಕನಿಗೆ ಹೇಳಿದ. ಅಕ್ಕ ಹೆಣ್ಣಿನ ಮನೆಯವರಿಗೆ ಫೋನ್ ಮಾಡಿ ನಿಶ್ಚಿತಾರ್ಥ ನಿಲ್ಲಿಸಿದಳು. ತಂದೆ ಇನ್ನೂ ಮಾತಾಡುವುದಿಲ್ಲ. ಆ ನೋವು ಅವನಿಗೆ ಇದೆ, ನಾವು ಅದರ ಬಗ್ಗೆಯೇ ಈಗ ಮಾತಾಡುತ್ತಿದ್ದೇವೆ. ಕೆಲವು ದಿನ ಅವನು ನನ್ನ ಮೇಲೂ ಸಿಟ್ಟಾಗುತ್ತಾನೆ. ಮೊದಲ ಸಲ ಸಿಟ್ಟು ತೋರಿಸಿದಾಗ ನನಗೆ ನಿಜವಾಗಿ ಸಮಾಧಾನವಾಯಿತು. ಇಲ್ಲಿ ಯಾರನ್ನೂ ಮೆಚ್ಚಿಸಬೇಕಾಗಿಲ್ಲ ಎಂದು ಅವನಿಗೆ ಅನ್ನಿಸತೊಡಗಿದೆ.

ತಿಂಗಳಿಗೊಮ್ಮೆ ಭಾನುವಾರ ಬೆಳಗ್ಗೆ ನಾವು ಕೆಲವು ಸಮಾಲೋಚಕರು ಸೇರುತ್ತೇವೆ. ಒಬ್ಬರು ತಮಗೆ ಕಷ್ಟವಾದ ಒಂದು ಭೇಟಿಯ ಬಗ್ಗೆ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಬಂದವರ ಹೆಸರು, ಊರು ಯಾವುದನ್ನೂ ಅಲ್ಲಿ ಹೇಳುವುದಿಲ್ಲ. ಗುಂಪಿನಲ್ಲಿ ಟ್ರಾನ್ಸ್‌ಜೆಂಡರ್ ಸಮಾಲೋಚಕರೂ ಇದ್ದಾರೆ, ಕೇಳಿಸಿಕೊಳ್ಳುವುದರಲ್ಲಿ ನಮಗಿಂತ ಅವರೇ ಮುಂದೆ. ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪಿಯು ಮತ್ತು ಡಿಗ್ರಿ ಕಾಲೇಜುಗಳ ಆಪ್ತ ಸಮಾಲೋಚಕರು ಯಾರೇ ಆದರೂ ಬರಬಹುದು. ಶುಲ್ಕ ಇಲ್ಲ. ವಿಳಾಸ ಮತ್ತು ಫೋನ್ ನಂಬರನ್ನು ನಿಮ್ಮ ಧಾರವಾಡ ಕಚೇರಿಯಲ್ಲಿ ಕೊಟ್ಟಿದ್ದೇನೆ. ಕೋಣೆ ಚಿಕ್ಕದು, ಬರುವವರು ಮೊದಲೇ ಫೋನ್ ಮಾಡಲಿ. ನಮ್ಮಲ್ಲಿಗೆ ಬರುವವರ ಗುರುತು ಸಿಗಬಾರದು, ಹಾಗಾಗಿ ನನ್ನ ಹೆಸರು ಹಾಕಬೇಡಿ.

ಇತಿ,
ನಿವೃತ್ತ ಮನೋವಿಜ್ಞಾನ ಉಪನ್ಯಾಸಕಿ,
ಧಾರವಾಡ